ಅತ್ತೆಗೊಂದು ನೆಲಮಟ್ಟದ ರೂಮು

ನನ್ನ ಗಂಡನ ಮನೆಯವರು ಪ್ರವಾಸ ಹೊರಟಾಗಲೆಲ್ಲ ಒಂದು ಮಾತು ಆಡುತ್ತಾರೆ. "ರೂಮಲ್ಲಿ ಎಷ್ಟೊತ್ತು ಇರ್ತೀವಿ? ಮಲಗೋಕೆ ತಾನೆ?" ಇದನ್ನು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೇಳುವವರು ಯಾವಾಗಲೂ ಗಂಡಸರು. ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ಇವರ ಜೊತೆ ಎಷ್ಟೋ ಊರು ಸುತ್ತಿದ್ದೇನೆ. ಛತ್ರದ ಹಾಲಿನಲ್ಲಿ ಜಮಖಾನ ಹಾಸಿಕೊಂಡು ಮಲಗಿದ್ದೇನೆ. ಫ್ಯಾನಿನ ಕೆಳಗೆ ಗಂಡಸರು, ಗೋಡೆ ಪಕ್ಕ ನಾವು. ಬೆಳಗಾಗುವ ಮುಂಚೆ ಬಕೆಟ್ ಹಿಡಿದು ಬಚ್ಚಲ ಮುಂದೆ ಸಾಲಿನಲ್ಲಿ ನಿಂತಿದ್ದೇನೆ. ಚಿಲಕವಿಲ್ಲದ ಬಾಗಿಲನ್ನು ನನ್ನ ಓರಗಿತ್ತಿ ಹೊರಗಿನಿಂದ ಹಿಡಿದುಕೊಂಡಿರುತ್ತಿದ್ದಳು, ನಾನು ಸ್ನಾನ ಮುಗಿಸುತ್ತಿದ್ದೆ. ಆಮೇಲೆ ಅವಳು ಒಳಗೆ, ನಾನು ಹೊರಗೆ. ರೂಮು ಬರೀ ಮಲಗುವುದಕ್ಕಲ್ಲ ಎಂಬುದು ಹೆಂಗಸರಿಗೆ ಗೊತ್ತು. ಅದಕ್ಕೇ ಎರಡು ವರ್ಷದ ಹಿಂದೆ ಶ್ರೀಲಂಕಾಕ್ಕೆ ಹೋಗುವ ಮಾತು ಬಂದಾಗ, ಉಳಿಯುವ ಜಾಗ ನಾನೇ ಹುಡುಕುತ್ತೇನೆ ಎಂದು ಮೊದಲೇ ಹೇಳಿಬಿಟ್ಟೆ.

ಆ ಮಾತು ಬಂದದ್ದು ನಮ್ಮ ಅತ್ತೆಯಿಂದ. ಅವರದು ಗುಬ್ಬಿ ತಾಲ್ಲೂಕಿನ ಚೇಳೂರು. ಮಾವ ತೀರಿಕೊಂಡ ಮೇಲೆ ತುಮಕೂರಿಗೆ ಬಂದು, ಮರಳೂರು ಬಡಾವಣೆಯ ನಮ್ಮ ಮನೆಯಲ್ಲೇ ಇದ್ದಾರೆ. ಎರಡೂ ಮಂಡಿಗೆ ಆಪರೇಷನ್ ಆಗಿತ್ತು. ನೆಲದ ಮೇಲೆ ಕೂರುವ ಹಾಗಿಲ್ಲ, ಕುಕ್ಕರಗಾಲಲ್ಲಿ ಕೂರುವ ಹಾಗಂತೂ ಇಲ್ಲವೇ ಇಲ್ಲ. ಒಂದು ದಿನ ಟೀವಿಯಲ್ಲಿ ವಿಮಾನ ಏರುತ್ತಿರುವುದನ್ನು ನೋಡುತ್ತಾ, "ಇದ್ರಲ್ಲಿ ಒಂದ್ಸಲ ಕೂತ್ಕೋಬೇಕು ಕಣಮ್ಮ. ಕಾಲು ಪೂರ್ತಿ ಹೋಗೋಕ್ ಮುಂಚೆ," ಅಂದರು. ಅವರು ಏನನ್ನಾದರೂ ಬೇಕು ಎಂದು ಕೇಳಿದ್ದನ್ನು ನಾನು ಅದೇ ಮೊದಲು ಕಂಡದ್ದು.

ನಾನೇನೂ ಆದರ್ಶ ಸೊಸೆಯಲ್ಲ. ಮೊದಲ ಹದಿನೈದು ವರ್ಷ ನಾವಿಬ್ಬರೂ ಒಬ್ಬರನ್ನೊಬ್ಬರು ಸಹಿಸಿಕೊಂಡದ್ದು ಅಷ್ಟೇ. ನಾನು ಕೆಲಸಕ್ಕೆ ಹೋಗುವುದು ಅವರಿಗೆ ಇಷ್ಟವಿರಲಿಲ್ಲ, ಅವರ ಚುಚ್ಚುಮಾತು ನನಗೆ ಹಿಡಿಸುತ್ತಿರಲಿಲ್ಲ. ಆದರೆ ಆಪರೇಷನ್ ಆದ ಮೇಲೆ ಮೂರು ತಿಂಗಳು ಅವರನ್ನು ಬಚ್ಚಲಿಗೆ ಕರೆದುಕೊಂಡು ಹೋದವಳು ನಾನು. ಒಬ್ಬರ ಬೆನ್ನು ತೊಳೆಯುತ್ತಾ ಹಳೆಯ ಸಿಟ್ಟನ್ನು ಕಾಪಾಡಿಕೊಂಡು ಬರುವುದು ಕಷ್ಟ.

ನಾನು ಗುಬ್ಬಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಆ ವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ಊಟದ ಬಿಡುವಿನಲ್ಲೆಲ್ಲ ಸ್ಟಾಫ್ ರೂಮಿನ ಕಿಟಕಿ ಪಕ್ಕ ಕೂತು ಫೋನಿನಲ್ಲಿ ಶ್ರೀಲಂಕಾದ ಕ್ಯಾಂಡಿ ಊರಿನ ಹೋಟೆಲುಗಳನ್ನು ನೋಡಿದೆ. ಫೋಟೋ ನಂಬುವುದಿಲ್ಲ ನಾನು. ಫೋಟೋದಲ್ಲಿ ಹಾಸಿಗೆಯ ಮೇಲೆ ಟವೆಲಿನಲ್ಲಿ ಮಾಡಿದ ಹಂಸ ಇರುತ್ತದೆ, ಬಚ್ಚಲಿನ ಹೊಸ್ತಿಲು ಎಷ್ಟೆತ್ತರ ಇದೆ ಎಂಬುದು ಇರುವುದಿಲ್ಲ. ಆದ್ದರಿಂದ ಫೋನ್ ಮಾಡಿ ಇಂಗ್ಲಿಷಿನಲ್ಲಿ ಕೇಳಿದೆ. ಗೇಟಿನಿಂದ ರೂಮಿಗೆ ಎಷ್ಟು ಮೆಟ್ಟಿಲು? ಕಮೋಡಿನ ಪಕ್ಕ ಹಿಡಿದುಕೊಳ್ಳಲು ಕಂಬಿ ಇದೆಯಾ? ಬಚ್ಚಲಲ್ಲಿ ಸ್ಟೂಲ್ ಹಾಕಿಕೊಂಡು ಸ್ನಾನ ಮಾಡುವಷ್ಟು ಜಾಗ ಇದೆಯಾ? ಮನೆಯಲ್ಲಿ ಟೇಪು ಹಿಡಿದು ಅತ್ತೆಯ ಮಂಚದ ಎತ್ತರ ಅಳೆದುಕೊಂಡು ಹೋಗಿ, ನಿಮ್ಮ ಮಂಚ ಎಷ್ಟಿದೆ ಎಂದೂ ಕೇಳಿದೆ. ಸುಮಾರು ಜನ ನಕ್ಕರು, ಕೆಲವರು ಲೈನ್ ಕತ್ತರಿಸಿದರು. ಕೊನೆಗೆ ಕೆರೆಯ ಹತ್ತಿರದ ಒಂದು ಗೆಸ್ಟ್‌ಹೌಸಿನ ಯಜಮಾನಿ ಮಾತ್ರ, "ಒಂದ್ನಿಮಿಷ ಇರಿ," ಎಂದು ಫೋನ್ ಕೆಳಗಿಟ್ಟು, ಅಳೆದುಕೊಂಡು ಬಂದು ಹೇಳಿದರು. ವಯಸ್ಸಾದ ಹೆಂಗಸಿನ ದನಿ. ಎರಡೇ ಮೆಟ್ಟಿಲು, ಅದಕ್ಕೂ ಪಕ್ಕದಲ್ಲಿ ಇಳಿಜಾರು ಮಾಡಿಸಿದ್ದೇವೆ ಎಂದರು. ಅಲ್ಲೇ ಮೂರು ರೂಮು ಆನ್‌ಲೈನಿನಲ್ಲಿ ಬುಕ್ ಮಾಡಿದೆ. ನಮಗೊಂದು, ಕುಣಿಗಲ್ಲಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ಮೈದುನ ಮತ್ತು ಓರಗಿತ್ತಿಗೊಂದು, ಅತ್ತೆಗೊಂದು. ಅವರಿಗೇ ಅಂತ ಒಂದು ರೂಮು, ಕಿಟಕಿಯಿಂದ ನೀರು ಕಾಣುವಂಥದ್ದು.

"ನಂಗ್ಯಾಕಮ್ಮ ಬೇರೆ ರೂಮು?" ಎಂದರು ಅತ್ತೆ. ಆದರೆ ಆ ವಾರವೇ ಎರಡು ಹೊಸ ನೈಟಿ ಹೊಲಿಸಿಕೊಂಡರು.

ಮೇ ತಿಂಗಳಲ್ಲಿ ಹೊರಟೆವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಓರಗಿತ್ತಿಯ ಸೂಟ್‌ಕೇಸನ್ನು ಟ್ರಾಲಿಗೆ ಎತ್ತಿಡುವಾಗ ನನ್ನ ಸೊಂಟ ಹಿಡಿದುಕೊಂಡಿತು.

"ಏನಿದೆ ಇದ್ರಲ್ಲಿ?" ಎಂದೆ.

"ಏನಿಲ್ಲ ಅಕ್ಕ. ಸ್ವಲ್ಪ ರಾಗಿ ಹಿಟ್ಟು, ಸಾರಿನ ಪುಡಿ. ಸಣ್ ಕುಕ್ಕರ್ ಒಂದು," ಅಂದಳು. ನನ್ನ ಮುಖ ನೋಡಲಿಲ್ಲ.

ಹೋಟೆಲಿಗೆ ಕುಕ್ಕರ್ ಯಾಕೆ ಎಂದು ನಾನು ಆಗಲೇ ಕೇಳಬೇಕಿತ್ತು. ಅತ್ತೆಗೆ ಗಾಲಿಕುರ್ಚಿ ಹುಡುಕುವ ಗಡಿಬಿಡಿಯಲ್ಲಿ ಬಿಟ್ಟೆ. ವಿಮಾನದಲ್ಲಿ ಅತ್ತೆ ಕಿಟಕಿ ಪಕ್ಕ ಕೂತು, ಮೇಲೇರುವಾಗ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮೋಡದ ಮೇಲೆ ಬಂದ ಮೇಲೆ, "ಹತ್ತಿ ಕೆದರ್‌ದಂಗಿದೆ," ಅಂದರು. ಅದೊಂದು ಗಂಟೆ ನಾನು ಸಂತೋಷವಾಗಿದ್ದೆ.

ಕೊಲಂಬೊದಿಂದ ಕ್ಯಾಂಡಿಗೆ ವ್ಯಾನು. ಮೂರು ಗಂಟೆ ದಾಟಿತು. ದಾರಿಯಲ್ಲಿ ಒಂದು ಕಡೆ ಡ್ರೈವರು ತಾನಾಗಿಯೇ ಗಾಡಿ ನಿಧಾನ ಮಾಡಿ, ಅಮ್ಮನಿಗೆ ಟಾಯ್ಲೆಟ್ಟಿಗೆ ಹೋಗಬೇಕಾ ಎಂದು ಸನ್ನೆ ಮಾಡಿ ಕೇಳಿದ. ಅತ್ತೆ ಬಾಯಿ ತೆರೆಯುವ ಮುಂಚೆ ಮೈದುನ, "ಬೇಡ ಬೇಡ, ಇನ್ನೇನ್ ಬಂದೇಬಿಡ್ತು," ಎಂದ.  ಮಗ ಬೇಡ ಎಂದ ಮೇಲೆ ಬೇಕು ಎನ್ನುವ ಅಭ್ಯಾಸ ಅತ್ತೆಗಿಲ್ಲ.

ಕ್ಯಾಂಡಿ ಊರು ಬಂತು, ಕೆರೆ ಬಂತು. "ನಮ್ ಕುಣಿಗಲ್ ಕೆರೆ ಮುಂದೆ ಇದೇನ್ ಬುಡು," ಎಂದು ಅತ್ತೆ ನಕ್ಕರು. ನಾನು ಗೆಸ್ಟ್‌ಹೌಸಿನ ಬೋರ್ಡು ಹುಡುಕುತ್ತಿದ್ದೆ. ವ್ಯಾನು ನಿಲ್ಲಲಿಲ್ಲ. ಕೆರೆ ಹಿಂದೆ ಬಿತ್ತು, ಗುಡ್ಡದ ತಿರುವುಗಳು ಶುರುವಾದವು.

"ದಾರಿ ತಪ್ಪಿದ್ರು ಅನ್ಸುತ್ತೆ," ಎಂದೆ.

 ನನ್ನ ಗಂಡ ಹೊರಗೆ ನೋಡುತ್ತಿದ್ದರು. ಮೈದುನ ಮುಂದಿನ ಸೀಟಿನಿಂದ ತಿರುಗಿ, "ಅತ್ತಿಗೆ, ಒಂದು ಸರ್‌ಪ್ರೈಸು," ಎಂದ.

ಆ ಸರ್‌ಪ್ರೈಸು ಒಂದು ವಿಲ್ಲಾ. ಅವನ ಗೆಳೆಯನೊಬ್ಬ ಹೋಗಿ ಬಂದು ಫೋಟೋ ತೋರಿಸಿದ್ದನಂತೆ. ಈಜುಕೊಳ, ಗುಡ್ಡದ ನೋಟ, ಎಲ್ಲಕ್ಕಿಂತ ಮುಖ್ಯವಾಗಿ ಅಡುಗೆಮನೆ. ಹದಿನೈದು ದಿನದ ಹಿಂದೆಯೇ ನನ್ನ ಬುಕಿಂಗ್ ರದ್ದಾಗಿತ್ತು. ನನ್ನ ಗಂಡನ ಹೆಸರಿನಲ್ಲಿ ಬುಕ್ ಮಾಡಿದ್ದೆನಾದ್ದರಿಂದ ರದ್ದು ಮಾಡಲು ಓಟಿಪಿ ಬಂದದ್ದು ಅವರ ಫೋನಿಗೆ. ಅವರು ಅದನ್ನು ತಮ್ಮನಿಗೆ ಓದಿ ಹೇಳಿದ್ದರು. ಆ ಹದಿನೈದು ದಿನವೂ ನಾನು ಮನೆಯಲ್ಲಿ ಗೆಸ್ಟ್‌ಹೌಸಿನ ಇಳಿಜಾರು, ಬಚ್ಚಲಿನ ಕಂಬಿ ಅಂತ ಮಾತಾಡುತ್ತಿದ್ದಾಗ ಅವರು ಕಾಫಿ ಕುಡಿಯುತ್ತಾ ಹೂಂಗುಟ್ಟಿದ್ದರು.

"ಇಲ್ಲಿ ಹೋಟ್ಲಲ್ಲೆಲ್ಲ ಮೀನು ವಾಸ್ನೆ ಅತ್ತಿಗೆ. ಅಮ್ಮಂಗೆ ಸೇರಲ್ಲ. ಇಲ್ಲಾದ್ರೆ ಮುದ್ದೆ, ಸಾರು ಮಾಡ್ಕೊಂಡು ಆರಾಮಾಗಿರ್ಬೋದು," ಎಂದ ಮೈದುನ.

ಯಾರು ಮಾಡಿಕೊಂಡು, ಯಾರು ಆರಾಮಾಗಿರುವುದು?

ವ್ಯಾನು ರಸ್ತೆ ಬದಿಗೆ ನಿಂತಿತು. ಮನೆ ಕಾಣಲಿಲ್ಲ. ಗುಡ್ಡ ಹತ್ತುವ ಮೆಟ್ಟಿಲು ಕಂಡಿತು. ಕಲ್ಲಿನ ಮೆಟ್ಟಿಲು, ಒಂದೊಂದು ಒಂದೊಂದು ಎತ್ತರ, ಹಿಡಿದುಕೊಳ್ಳಲು ಏನೂ ಇಲ್ಲ. ಮೇಲಿನಿಂದ ಇಳಿದು ಬಂದ ಮನೆ ನೋಡಿಕೊಳ್ಳುವವನು ಅತ್ತೆಯನ್ನೂ ಅವರ ಕೋಲನ್ನೂ ನೋಡಿ ನಿಂತುಬಿಟ್ಟ. ಆಮೇಲೆ ನನ್ನ ಹತ್ತಿರ ಬಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ: "ಐವತ್ತಮೂರು ಮೆಟ್ಟಿಲಿದೆ ಮೇಡಂ. ವಯಸ್ಸಾದವರಿದ್ದರೆ ಈ ಮನೆ ಬೇಡ ಅಂತ ಸರ್‌ಗೆ ಫೋನಿನಲ್ಲೇ ಎರಡು ಸಲ ಹೇಳಿದ್ದೆ. ಪರವಾಗಿಲ್ಲ ಅಂದರು."

ನಾನು ಮೈದುನನ ಕಡೆ ತಿರುಗಿದೆ. "ಗೊತ್ತಿದ್ದೂ ಮಾಡಿದ್ಯಾ?"

"ಡಾಕ್ಟ್ರೇ ಹೇಳವ್ರಲ್ಲ ಅತ್ತಿಗೆ, ದಿನಾ ಎಕ್ಸರ್‌ಸೈಜ್ ಮಾಡ್ಬೇಕು ಅಂತ. ನಿಧಾನಕ್ಕೆ ಹತ್ತುದ್ರಾಯ್ತು."

ಅತ್ತೆ ಆಗಲೇ ಹತ್ತಲು ಶುರು ಮಾಡಿದ್ದರು. ಸೊಸೆ ಮಗನ ಜೊತೆ ಜಗಳ ತೆಗೆಯುವ ಮುಂಚೆ ಮೇಲೆ ತಲುಪಿಬಿಟ್ಟರೆ ಸಾಕು ಎಂದುಕೊಂಡರೋ, ಬೇರೆ ಅವಸರವೋ. ನಾನು ಓಡಿಹೋಗಿ ಕಂಕುಳಿಗೆ ಕೈ ಕೊಟ್ಟೆ. ಹನ್ನೊಂದನೆಯ ಮೆಟ್ಟಿಲಿನಲ್ಲಿ ಅವರ ಕಾಲು ನಿಂತುಹೋಯಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. 

"ನಂಗೆ ಒಂದಕ್ಕೆ ಹೋಗ್ಬೇಕಮ್ಮ," ಎಂದರು ನನ್ನ ಕಿವಿಯಲ್ಲಿ. "ತಡ್ಕಳಕ್ಕಾಗ್ತಿಲ್ಲ."

ಮೈದುನ ಕೆಳಗಿನಿಂದ, "ಇರು ಇರು, ನಾನ್ ಎತ್ಕಂಡ್ ಹೋಯ್ತೀನಿ," ಎಂದು ಶರ್ಟಿನ ತೋಳು ಮಡಿಸುತ್ತಾ ಬಂದ. ಅತ್ತೆ ಬೇಡ ಎಂದು ಕೈ ಅಡ್ಡ ಹಿಡಿದರು. ಅವನು ಇನ್ನೂ ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಅವರು ನನ್ನ ಭುಜಕ್ಕೆ ಮುಖ ಒತ್ತಿಕೊಂಡರು. ಅವರ ಸೀರೆ ನೆನೆಯಿತು, ಕಲ್ಲು ನೆನೆಯಿತು, ನನ್ನ ಚಪ್ಪಲಿ ನೆನೆಯಿತು. ಚೇಳೂರಿನಲ್ಲಿ ನಲವತ್ತು ವರ್ಷ ಒಂದು ಮನೆ ನಡೆಸಿದ ಹೆಂಗಸು, ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಪರದೇಶದ ಮೆಟ್ಟಿಲ ಮೇಲೆ, ಇಬ್ಬರು ಗಂಡುಮಕ್ಕಳ ಎದುರಿಗೆ. ಮೈದುನ ಅಲ್ಲೇ ನಿಂತ. ನನ್ನ ಗಂಡ ಕೈಯಲ್ಲಿ ಎರಡು ಬ್ಯಾಗು ಹಿಡಿದು ಬೇರೆ ಕಡೆ ನೋಡಿದರು. ಬ್ಯಾಗನ್ನು ಕೆಳಗಿಡಬೇಕು ಅಂತ ಕೂಡ ಅವರಿಗೆ ಹೊಳೆಯಲಿಲ್ಲ.

ನಾನು ಕೂಗಾಡಲಿಲ್ಲ. ಅಷ್ಟು ಸಿಟ್ಟು ಬಂದಾಗ ನನ್ನ ದನಿ ಸಣ್ಣದಾಗುತ್ತದೆ. ಹೆಗಲ ಮೇಲಿದ್ದ ಶಾಲನ್ನು ಅತ್ತೆಯ ಸೊಂಟಕ್ಕೆ ಸುತ್ತಿದೆ. ಡ್ರೈವರೂ ಮನೆ ನೋಡಿಕೊಳ್ಳುವವನೂ ಎರಡು ಕಡೆ ಹಿಡಿದುಕೊಂಡರು. ಹನ್ನೊಂದು ಮೆಟ್ಟಿಲು ಇಳಿಸಿದೆವು.

"ರೀ, ಅತ್ತೇದೂ ನಂದೂ ಬ್ಯಾಗು ವ್ಯಾನಲ್ಲಿಡಿ," ಎಂದೆ ಗಂಡನಿಗೆ.

"ಎಲ್ಲಿಗೆ? ನೋಡು, ಇಲ್ಲಿ ಬಂದು ಸೀನ್ ಮಾಡ್ಬೇಡ. ಅಡ್ವಾನ್ಸ್ ಕೊಟ್ಟಾಗಿದೆ. ಒಂದಿನ ಅಡ್ಜಸ್ಟ್ ಮಾಡ್ಕೊ."

"ಬ್ಯಾಗಿಡಿ."

ಇಟ್ಟರು. ಅವರೂ ಬರುತ್ತಾರೆ ಎಂದುಕೊಂಡಿದ್ದೆ. ಬರಲಿಲ್ಲ. ತಮ್ಮ ಬೇಜಾರು ಮಾಡಿಕೊಳ್ಳುತ್ತಾನೆ ಎಂದು ಮೇಲೆ ಹೋದರು. ಓರಗಿತ್ತಿ ಏಳೆಂಟು ಮೆಟ್ಟಿಲು ಮೇಲೆ ತನ್ನ ಭಾರದ ಸೂಟ್‌ಕೇಸಿನ ಪಕ್ಕ ನಿಂತು ನಮ್ಮನ್ನೇ ನೋಡುತ್ತಿದ್ದಳು. ವ್ಯಾನು ಹೊರಟಿತು.

ಗೆಸ್ಟ್‌ಹೌಸಿನ ಯಜಮಾನಿ ನನ್ನ ದನಿ ಕೇಳಿದ ಕೂಡಲೇ ಗುರುತು ಹಿಡಿದರು. ಮಂಚದ ಎತ್ತರ ಕೇಳಿದ ಟೀಚರ್ ಅಲ್ಲವೇ, ಯಾಕೆ ಬೇಡ ಅಂದಿರಿ ಎಂದು ಕೇಳಿದರು. ನಾನು ಬೇಡ ಅನ್ನಲಿಲ್ಲ ಎಂದಷ್ಟೇ ಹೇಳಿದೆ. ಅವರು ಅತ್ತೆಯ ಸೊಂಟದ ಶಾಲು ನೋಡಿದರು, ಕೀಲಿಕೈ ತೆಗೆದುಕೊಂಡರು. ನೀರು ಕಾಣುವ ರೂಮು ಬೇರೆಯವರಿಗೆ ಹೋಗಿತ್ತು. ಹಿಂದುಗಡೆ ಹಿತ್ತಲ ಕಡೆಯದು ಖಾಲಿ ಇತ್ತು. ಬಚ್ಚಲಲ್ಲಿ ಬಿಸಿನೀರು ಬಿಟ್ಟು, ಪ್ಲಾಸ್ಟಿಕ್ ಕುರ್ಚಿ ಇಟ್ಟು, ನನ್ನ ಕೈಗೆ ಸೋಪು ಕೊಟ್ಟು ಹೊರಗೆ ಹೋದರು. ಅತ್ತೆಗೆ ಸ್ನಾನ ಮಾಡಿಸಿದೆ. ಗೋಡೆಯ ಕಂಬಿ ಹಿಡಿದುಕೊಂಡು ಅವರು ತಾವೇ ಎದ್ದು ನಿಂತರು. ಹೊಸ ನೈಟಿ ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತರು. ಪಾದ ನೆಲಕ್ಕೆ ಸರಿಯಾಗಿ ಮುಟ್ಟಿತು.

ಆಮೇಲೆ ಅವರು ಮೊದಲು ಆಡಿದ ಮಾತು: "ಅವ್ನೇನ್ ಬೇಕೂಂತ ಮಾಡ್ಲಿಲ್ಲ ಬುಡು. ನೀನು ಹಂಗ್ ಹೊರಟ್ಬರ್ಬಾರ್ದಿತ್ತು. ಅವ್ರ್ ಊಟಕ್ಕೇನ್ ಮಾಡ್ತಾರೋ ಏನೋ."

ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. "ಊಟಕ್ಕೆ ನಿಮ್ ಚಿಕ್ ಸೊಸೆ ಅವ್ಳಲ್ಲ. ಕುಕ್ಕರ್ ಹೊತ್ಕೊಂಡೇ ಬಂದವ್ಳೆ," ಎಂದೆ. ಅವರು ಗೋಡೆ ಕಡೆ ತಿರುಗಿ ಮಲಗಿದರು.

ಮರುದಿನ ಬೆಳಿಗ್ಗೆ ತಿಂಡಿಗೆ ಒತ್ತು ಶಾವಿಗೆ ಬಂತು, ಜೊತೆಗೆ ಬೇಳೆ ಹಾಕಿದ ಒಂದು ಪಲ್ಯ, ಕಾಯಿಹಾಲು. ಅತ್ತೆ ತಟ್ಟೆಯನ್ನೇ ನೋಡಿದರು. "ಇದು ನಮ್ಮ ಮನೇದೇ ಅಲ್ವೇನಮ್ಮ?" ಕೈಯಲ್ಲಿ ಕಲಸಿಕೊಂಡು ಎರಡು ಸಲ ಹಾಕಿಸಿಕೊಂಡು ತಿಂದರು. ಯಜಮಾನಿಗೆ ಬೆಲ್ಲ ಬೇಕು ಎಂದು ಸನ್ನೆಯಲ್ಲೇ ತಿಳಿಸಿದರು. ಅವರು ತಂದುಕೊಟ್ಟರು. ಮೀನಿನ ವಾಸನೆಯಂತೆ. ಅಮ್ಮನಿಗೆ ಸೇರುವುದಿಲ್ಲವಂತೆ. ಆ ಮನೆಯಲ್ಲಿ ಯಾರಾದರೂ ಒಮ್ಮೆಯಾದರೂ ಅಮ್ಮನನ್ನು ಕೇಳಿದ್ದರಾ?

ಆ ದಿನ ಹನ್ನೊಂದು ಗಂಟೆಗೆ ಮೈದುನ ಆಟೋ ಮಾಡಿಕೊಂಡು ಬಂದ. ವರಾಂಡದಲ್ಲಿ ಕೂತಿದ್ದ ತಾಯಿಯ ಕಾಲು ಮುಟ್ಟಿ, "ಹೆಂಗಿದೀಯಮ್ಮ?" ಎಂದು ಕೇಳಿ, ನನ್ನನ್ನು ಗೇಟಿನ ಹತ್ತಿರ ಕರೆದ.

"ಅತ್ತಿಗೆ, ನೀವು ದೊಡ್ಡೋರು, ಓದ್ದೋರು. ಡ್ರೈವರ್ ಮುಂದೆ ಮರ್ಯಾದೆ ತೆಗೆದ್ರಿ."

"ಯಾರ್ ಮರ್ಯಾದೆ?"

"ನಮ್ದು. ಅಣ್ಣಂದು, ನಂದು."

"ನಿಮ್ಮಮ್ಮಂದು ನಿನ್ನೆ ಹೋಯ್ತಲ್ಲ, ಅದ್ರ ಲೆಕ್ಕ ಬಿಡು," ಎಂದೆ. "ನೀನು ಒಂದು ಫೋನ್ ಮಾಡಿ ಎಷ್ಟು ಮೆಟ್ಲು ಅಂತ ಕೇಳಿದ್ರೆ ಸಾಕಿತ್ತು. ಅದೂ ಬೇಡ, ಅವ್ನಾಗೇ ಹೇಳ್ದಾಗ ಕಿವಿಗ್ ಹಾಕ್ಕೊಂಡಿದ್ರೆ ಸಾಕಿತ್ತು. ಈಜುಕೊಳದಲ್ಲಿ ಚೆನ್ನಾಗ್ ಈಜು. ಇಲ್ಲಿಗ್ ಬಂದು ಇನ್ನೊಂದ್ಸಲ ಮರ್ಯಾದೆ ಅನ್ಬೇಡ."

ಅವನು ಮುಖ ಕೆಂಪಗೆ ಮಾಡಿಕೊಂಡು ಹೋದ. ನಾಲ್ಕು ದಿನ ನಾವಿಬ್ಬರೇ ಇದ್ದೆವು. ದಿನಾ ಸಂಜೆ ಕೆರೆ ಏರಿಯ ಬೆಂಚಿನವರೆಗೆ ನಡೆಯುತ್ತಿದ್ದೆವು. ಅತ್ತೆ ತಮ್ಮ ಮದುವೆಯ ಹೊಸತರ ಕಥೆಗಳನ್ನು ಹೇಳಿದರು. ಒಂದು ಸಲವೂ ಸ್ವಂತಕ್ಕೆ ಬಾಗಿಲು ಹಾಕಿಕೊಳ್ಳುವ ಕೋಣೆ ಇರಲಿಲ್ಲ ಎಂದರು, ದೂರುವ ದನಿಯಲ್ಲಲ್ಲ, ಸುಮ್ಮನೆ. ನನ್ನ ಗಂಡ ಎರಡು ಸಲ ಬಂದು ಅರ್ಧರ್ಧ ಗಂಟೆ ಕೂತು ಹೋದರು. ಕ್ಷಮಿಸು ಎಂಬ ಮಾತು ಬರಲಿಲ್ಲ. "ನಿಂಗ್ ಗೊತ್ತಲ್ಲ, ಅವ್ನು ಆಸೆಪಟ್ಟ. ಬೇಡ ಅನ್ನಕ್ಕಾಗ್ಲಿಲ್ಲ," ಎಂದರು. ಹೆಂಡತಿಗೆ ಸುಳ್ಳು ಹೇಳಲಿಕ್ಕಾಗುತ್ತದೆ, ತಮ್ಮನಿಗೆ ಬೇಡ ಅನ್ನಲಿಕ್ಕಾಗುವುದಿಲ್ಲ.

ವಾಪಸ್ ಬರುವಷ್ಟರಲ್ಲಿ ಕಥೆ ನನಗಿಂತ ಮುಂಚೆ ಊರು ತಲುಪಿತ್ತು. ದೊಡ್ಡ ಸೊಸೆಗೆ ಹೋಟೆಲ್ಲೇ ಆಗಬೇಕಿತ್ತಂತೆ, ಎಲ್ಲರ ಜೊತೆ ಹೊಂದಿಕೊಳ್ಳಲಾರದೆ ಅತ್ತೆಯನ್ನೂ ಎಳೆದುಕೊಂಡು ಹೋದಳಂತೆ. ಆಷಾಢ ಕಳೆದ ಮೇಲೆ ಚೇಳೂರಿನಲ್ಲಿ ಒಂದು ಗೃಹಪ್ರವೇಶಕ್ಕೆ ಹೋದಾಗ ಊಟದ ಪಂಕ್ತಿಯಲ್ಲಿ ನನ್ನ ಗಂಡನ ಚಿಕ್ಕಮ್ಮ ಎಲ್ಲರಿಗೂ ಕೇಳುವ ಹಾಗೆ, "ಕೆಲ್ಸದಲ್ಲಿರೋ ಹೆಣ್ಮಕ್ಳಿಗೆ ಎಲ್ಲಾ ಅವ್ರ್ ಹೇಳ್ದಂಗೇ ಆಗ್ಬೇಕು. ತಾಯೀನೂ ಮಕ್ಳಿಂದ ಬೇರೆ ಮಾಡ್ಬುಟ್ಟು ಬಂದ್ಲಂತೆ," ಎಂದರು.

ಅತ್ತೆ ನನ್ನ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತಿದ್ದರು. ನಾನು ಬಾಯಿ ಬಿಟ್ಟರೆ ಮೆಟ್ಟಿಲಿನ ಮೇಲೆ ಏನಾಯಿತು ಎಂಬುದನ್ನು ಹೇಳಬೇಕು. ಹೇಳಿದರೆ ಆ ಪಂಕ್ತಿಯಲ್ಲಿ ಕೂತ ಅಷ್ಟೂ ಜನ ಅವರ ಸೀರೆಯನ್ನು ನೋಡುತ್ತಾರೆ. ಹೇಳಲಿಲ್ಲ. ಅವರಾದರೂ ಒಂದು ಮಾತು, ನನ್ನ ಕಾಲು ಏಳಲಿಲ್ಲ ಕಣೇ ಎಂದಾದರೂ, ಹೇಳುತ್ತಾರೆ ಎಂದು ಕಾದೆ. ಅವರು ಹೋಳಿಗೆ ಮುರಿಯುತ್ತಾ ತಲೆ ತಗ್ಗಿಸಿದರು.

ಕಾರಿನಲ್ಲಿ ಗುಬ್ಬಿ ದಾಟಿದ ಮೇಲೆ, "ನಾನ್ ಹೇಳ್ಬೇಕಿತ್ತು ಕಣಮ್ಮ. ಬಾಯೇ ಬರ್ಲಿಲ್ಲ," ಎಂದರು.

"ಹೋಗ್ಲಿ ಬಿಡಿ," ಎಂದೆ. ಹೋಗಲಿಲ್ಲ. ಈಗಲೂ ಅವರ ಬೆನ್ನಿಗೆ ಎಣ್ಣೆ ಹಚ್ಚುತ್ತೇನೆ, ಹಚ್ಚುವಾಗ ಆ ಹೋಳಿಗೆ ನೆನಪಾಗುತ್ತದೆ.

ಆದರೆ ಈ ಕಥೆಯಲ್ಲಿ ನಾನೂ ಒಂದು ತಪ್ಪು ಮಾಡಿದ್ದೇನೆ. ಅದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಕಳೆದ ವರ್ಷ ಯಾವುದೋ ಕೆಲಸಕ್ಕೆಂದು ಕುಣಿಗಲ್ಲಿಗೆ ಹೋದಾಗ. ಓರಗಿತ್ತಿಯ ಮನೆಗೆ ಹೋಗಿದ್ದೆ. ಮೈದುನ ಅಂಗಡಿಯಲ್ಲಿದ್ದ. ಅವಳು ದೋಸೆ ಹುಯ್ಯುತ್ತಿದ್ದಳು, ನಾನು ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದೆ. ಏನೋ ಮಾತಿಗೆ ಕ್ಯಾಂಡಿಯ ವಿಷಯ ಬಂತು. ಅಲ್ಲಿ ನೀನು ಏನೇನು ನೋಡಿದೆ ಎಂದು ಕೇಳಿದೆ.

"ನಾನೇನ್ ನೋಡ್ದೆ ಅಕ್ಕ. ಗ್ಯಾಸ್ ಸ್ಟವ್ ನೋಡ್ದೆ," ಎಂದಳು. ದಿನಕ್ಕೆ ಮೂರು ಹೊತ್ತು ಅಣ್ಣ ತಮ್ಮ ಇಬ್ಬರಿಗೂ ಬೇಯಿಸಿ ಹಾಕಿದ್ದಳು. ಸೊಪ್ಪು, ತರಕಾರಿಗೆ ಆ ಐವತ್ತಮೂರು ಮೆಟ್ಟಿಲನ್ನು ಇಳಿದು ಹತ್ತಿದವಳೂ ಅವಳೇ. ಈಜುಕೊಳದ ಪಕ್ಕ ಇವರಿಬ್ಬರೂ ಕೂತಿದ್ದರೆ ಬಜ್ಜಿ ಕರಿದು ಕೊಟ್ಟಿದ್ದಳು.

"ನಂಗೊಂದಿನಾನಾದ್ರೂ ಹೇಳ್ಬಾರ್ದಿತ್ತಾ?" ಎಂದೆ.

ಅವಳು ದೋಸೆ ಮಗುಚಿದಳು. ಸಿಟ್ಟಿನಿಂದ ಹೇಳಲಿಲ್ಲ, ಅಳಲೂ ಇಲ್ಲ. "ನೀವು ಅವತ್ತು ಅತ್ತೇನ ಕರ್ಕೊಂಡ್ ಹೋದ್ರಿ. ನಾನು ಅಲ್ಲೇ ನಿಂತಿದ್ದೆ. ನನ್ನೂ ಒಂದ್ಮಾತು ಬಾ ಅನ್ಬೋದಿತ್ತು ಅಕ್ಕ. ವ್ಯಾನಲ್ಲಿ ಜಾಗ ಇತ್ತು."

 ನಿನ್ನ ಗಂಡ ಬಿಡುತ್ತಿದ್ದನಾ ಎಂದು ಕೇಳಬಹುದಿತ್ತು. ನೀನೇ ಕುಕ್ಕರ್ ಹೊತ್ತು ತಂದೆಯಲ್ಲ, ಎಲ್ಲ ಗೊತ್ತಿದ್ದೂ ನನಗೆ ಹೇಳಲಿಲ್ಲವಲ್ಲ ಎನ್ನಬಹುದಿತ್ತು. ಅವೆಲ್ಲ ಬಾಯಿ ತುದಿಗೆ ಬಂದವು. ಆದರೆ ನಿಜ ಏನೆಂದರೆ, ವ್ಯಾನಿನ ಕಿಟಕಿಯಿಂದ ನಾನು ಅವಳನ್ನು ನೋಡಿದ್ದೆ. ಅವಳು ಇಳಿದು ಬರಲು ಒಂದು ಕರೆ ಸಾಕಿತ್ತು ಎಂಬುದು ಆಗಲೇ ನನಗೆ ಗೊತ್ತಿತ್ತು. ಅಡುಗೆ ಮಾಡಲು ಅಲ್ಲಿ ಒಬ್ಬಳು ಇದ್ದಾಳೆ ಎಂಬ ಧೈರ್ಯದಿಂದಲೇ ನಾನು ಅಷ್ಟು ಜೋರಾಗಿ ಹೊರಟುಬಂದದ್ದೇನೋ. ನನ್ನ ಗಂಡ ಉಪವಾಸ ಬೀಳುವುದಿಲ್ಲ ಎಂದು ನನಗೂ ಒಳಗೊಳಗೇ ಖಾತ್ರಿ ಇತ್ತು.

ಅವಳು ತಟ್ಟೆಗೆ ದೋಸೆ ಹಾಕಿ ನನ್ನ ಕೈಗೆ ಕೊಟ್ಟಳು. ನಿಂತೇ ತಿಂದೆ. ನಾನೂ ಹುಯ್ದು ಕೊಡುತ್ತೇನೆ, ನೀನು ಕೂತುಕೋ ಎಂದೆ. "ಬೇಡ ಬಿಡಿ ಅಕ್ಕ, ನಿಮಗೆ ಬಸ್ಸಿಗೆ ಹೊತ್ತಾಗುತ್ತೆ," ಎಂದಳು. ಬಸ್ಸಿಗೆ ಇನ್ನೂ ಬೇಕಾದಷ್ಟು ಸಮಯವಿತ್ತು.